ದೂರಿಲ್ಲದ ಜೋಡಿ

ತಮ್ಮನ ಎರಡು ಬೆರಳು ಹೋದ ವಾರವೇ, ಅದು ಅವನದೇ ತಪ್ಪು ಎಂದು ಬರೆದ ಹಾಳೆಗೆ ಸಹಿ ಹಾಕಲು ಅಜ್ಜಿಯನ್ನು ಕರೆದರು.

ಅಜ್ಜಿ ಎಂಬುದು ಕಚೇರಿ ಇಟ್ಟ ಹೆಸರು. ಮೊಮ್ಮಕ್ಕಳ ಮಾತಿರಲಿ, ಅವಳಿಗೆ ಮದುವೆಯೇ ಆಗಿರಲಿಲ್ಲ. ಬಿಳಿ ಕೂದಲು ಹುಡುಕಿದರೆ ಸಿಗುತ್ತಿತ್ತು, ಅಷ್ಟೆ. ಹೆಸರು ಬೇರೆ ದಾರಿಯಿಂದ ಬಂದದ್ದು. ಅದು ಲಿಫ್ಟುಗಳನ್ನು ಮಾಡುವ ಕಂಪನಿ. ಒಂದು ಲಿಫ್ಟಿನೊಳಗೆ ಹತ್ತಾರು ಪುಟ್ಟ ಪ್ರೋಗ್ರಾಂಗಳು ಒಂದೇ ಸೂರಿನಡಿ ಸಂಸಾರ ಮಾಡುತ್ತವೆ. ಬಾಗಿಲಿಗೊಂದು, ಬ್ರೇಕಿಗೊಂದು, ಮೋಟಾರಿಗೊಂದು. ಪ್ರತಿಯೊಂದರಲ್ಲೂ ಹಳೆಯದು, ಹೊಸದು, ತೀರಾ ಹೊಸದು ಎಂದು ಹಲವು ಆವೃತ್ತಿಗಳು. ಯಾವ ಬಾಗಿಲಿನ ಆವೃತ್ತಿ ಯಾವ ಬ್ರೇಕಿನ ಆವೃತ್ತಿಯ ಜೊತೆ ಬಾಳುತ್ತದೆ ಎಂಬುದನ್ನು ಯಾರಾದರೂ ಒಬ್ಬರು ತಲೆಯಲ್ಲಿಟ್ಟುಕೊಳ್ಳುವ ಕಾಲ ಎಂದೋ ಮುಗಿದಿತ್ತು. ಆ ಕೆಲಸಕ್ಕೆ ಅವಳೊಂದು ಪ್ರೋಗ್ರಾಂ ಕಟ್ಟಿದ್ದಳು. ಅದಕ್ಕೆ ಸಂಗತಿಗಳನ್ನು ಹೇಳಬೇಕು, ನಿಯಮಗಳನ್ನು ಹೇಳಬೇಕು. ಅವುಗಳ ಮೇಲೆ ತರ್ಕ ಕಟ್ಟಿ, ಈ ಲಿಫ್ಟಿಗೆ ಇದನ್ನು ಹಾಕಬಹುದು, ಅದನ್ನು ಹಾಕಬಾರದು ಎಂದು ಅದು ತೀರ್ಪು ಕೊಡುತ್ತಿತ್ತು. ಯಾಕೆ ಎಂದು ಕೇಳಿದರೆ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸುತ್ತಿತ್ತು. ಬಹುಪಾಲು ಬೇಡ ಎಂದೇ ಹೇಳುತ್ತಿದ್ದರಿಂದ ಪಕ್ಕದ ಸಾಲಿನವರು ಅದಕ್ಕೆ ಅತ್ತೆ ಎಂದು ಹೆಸರಿಟ್ಟರು. ಅತ್ತೆಯನ್ನು ಹೆತ್ತವಳು ಅಜ್ಜಿಯಲ್ಲದೆ ಇನ್ನೇನು?

ಅತ್ತೆಯ ಮಾತಿಗೆ ತೂಕವಿತ್ತು. ಕಂಪನಿ ಹಾಕಿದ ಪ್ರತಿ ಲಿಫ್ಟೂ ಗಂಟೆಗೊಮ್ಮೆ ತನ್ನೊಳಗೆ ಯಾವ ಯಾವ ಆವೃತ್ತಿ ಇದೆ ಎಂದು ಅವಳಿಗೆ ತಿಳಿಸಿ, ಈಗಲೂ ಸರಿಯೇ ಎಂದು ಕೇಳಿಕೊಳ್ಳುತ್ತಿತ್ತು. ಸರಿಯಲ್ಲ ಎಂದು ಉತ್ತರ ಬಂದರೆ ಕೆಳಮಹಡಿಗೆ ಇಳಿದು, ಬಾಗಿಲು ತೆರೆದು, ನಿಂತುಬಿಡುತ್ತಿತ್ತು.

ಸಹಿ ಕೇಳಿದವನು ವಿಭಾಗದ ಮುಖ್ಯಸ್ಥ. ಎಂಥ ತಕರಾರು ತಂದರೂ 'ಆಗ್ಲಿ ಬಿಡಿ' ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರಿಂದ ಅವನ ಹೆಸರೂ ಅದೇ ಆಗಿತ್ತು: ಆಗ್ಲಿಬಿಡಿ. ಗಾಜಿನ ಗೋಡೆಯ ಕೋಣೆ, ಮೂಳೆಗೆ ಇಳಿಯುವಷ್ಟು ಏಸಿ, ಬಿಳಿ ಹಲಗೆಯ ಮೇಲೆ ಯಾರೋ ಅರ್ಧ ಒರೆಸಿ ಬಿಟ್ಟ ಬಾಣಗಳು. ಅವನು ಅವಳಿಗೆ ಕುರ್ಚಿ ಎಳೆದುಕೊಟ್ಟ. ತಮ್ಮನಿಗೆ ಪೆಟ್ಟಾದ ದಿನ ಆಸ್ಪತ್ರೆಗೆ ಎಲ್ಲರಿಗಿಂತ ಮೊದಲು ಓಡಿಬಂದವನೂ, ಆಪರೇಷನ್ ಮುಗಿಯುವವರೆಗೆ ಕಾರಿಡಾರಿನಲ್ಲಿ ನಿಂತೇ ಇದ್ದವನೂ ಅವನೇ. ಅದನ್ನು ನೆನೆಸಿಕೊಂಡಾಗಲೆಲ್ಲ ಅಜ್ಜಿಯ ಸಿಟ್ಟು ಇಳಿಯುವ ಬದಲು ಏರುತ್ತಿತ್ತು.

ಆದದ್ದು ಇಷ್ಟು. ಅವಳ ತಮ್ಮ ಅದೇ ಕಂಪನಿಯ ಮೆಕ್ಯಾನಿಕ್. ಒಂದು ವಸತಿ ಕಟ್ಟಡದ ಲಿಫ್ಟಿಗೆ ಬಾಗಿಲಿನ ಹೊಸ ಆವೃತ್ತಿ ಹಾಕಿದ. ಬ್ರೇಕಿನದು ಹಳೆಯದೇ ಉಳಿಯಿತು. ಈ ಜೋಡಿಗೆ ಅತ್ತೆ ಒಪ್ಪಿದ್ದಳು. ಕೆಲಸ ಮುಗಿದ ಮೇಲೆ ಎಲ್ಲ ಮೆಕ್ಯಾನಿಕ್‌ಗಳೂ ಮಾಡುವಂತೆ, ಮುಚ್ಚುತ್ತಿರುವ ಬಾಗಿಲ ಸಂದಿಯಲ್ಲಿ ಅಂಗೈ ಇಟ್ಟ. ಕೈ ತಾಕಿದರೆ ಬಾಗಿಲು ಹಿಂದೆ ಸರಿಯಬೇಕು, ಸರಿಯಿತು ಕೂಡ. ಆದರೆ ಅಷ್ಟರಲ್ಲಿ ಲಿಫ್ಟು ಮೇಲಕ್ಕೆ ಹೊರಟಿತ್ತು. ಬಾಗಿಲಿನ ಹಳೆಯ ಆವೃತ್ತಿ ಚಿಲಕ ಬಿದ್ದ ಮೇಲೆ ಮಾತ್ರ 'ಮುಚ್ಚಿದೆ' ಎಂದು ಹೇಳುತ್ತಿತ್ತು. ಹೊಸದು ಎರಡು ರೆಕ್ಕೆಗಳು ಹತ್ತಿರ ಬಂದ ಕೂಡಲೇ 'ಮುಚ್ಚಿದೆ' ಎಂದಿತು. ಹಳೆಯ ಬ್ರೇಕು ಅದನ್ನು ನಂಬಿ ಹಿಡಿತ ಬಿಟ್ಟಿತು. ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಬಲಗೈಯ ತೋರುಬೆರಳಿಗೂ ಮಧ್ಯದ ಬೆರಳಿಗೂ ಅಷ್ಟೇ ಸಾಕಾಯಿತು.

ಆಗ್ಲಿಬಿಡಿ ಕೈಪಿಡಿಯ ಪುಟ ತೆರೆದು ಅವಳ ಕಡೆಗೆ ತಿರುಗಿಸಿದ. ಬಾಗಿಲನ್ನು ಮರದ ಕೋಲಿನಿಂದ ಪರೀಕ್ಷಿಸಬೇಕು, ಕೈಯಿಂದಲ್ಲ ಎಂದು ಅಲ್ಲಿ ದಪ್ಪ ಅಕ್ಷರದಲ್ಲಿತ್ತು. ಮೆಕ್ಯಾನಿಕ್ ಕೋಲು ಬಳಸಲಿಲ್ಲ, ಆದ್ದರಿಂದ ಇದು ಅವನ ಅಜಾಗರೂಕತೆ ಎಂದು ವರದಿ ಹೇಳುತ್ತಿತ್ತು. ಅದಕ್ಕೆ ಅವಳ ಸಹಿ ಯಾಕೆ ಬೇಕು ಎಂದು ಅಜ್ಜಿ ಕೇಳಿದಳು. ಆಯ್ಕೆಯ ತರ್ಕದಲ್ಲಿ ದೋಷವಿರಲಿಲ್ಲ ಎಂದು ಆ ಪ್ರೋಗ್ರಾಂ ಕಟ್ಟಿದವರೇ ದೃಢಪಡಿಸಬೇಕಂತೆ, ನಾಳೆ ಬೆಳಿಗ್ಗೆ ಒಂದು ಹೆರಿಗೆ ಆಸ್ಪತ್ರೆಯ ಲಿಫ್ಟುಗಳಿಗೂ ಇದೇ ಜೋಡಿ ಹಾಕುವುದಿದೆಯಂತೆ, ಅದಕ್ಕೆ ಮೊದಲು ಈ ಕಡತ ಮುಚ್ಚಬೇಕಂತೆ.

"ನೀವು ಲೆಕ್ಕಾಚಾರದ ಮನುಷ್ಯರು, ಸುಳ್ಳು ಹೇಳಲ್ಲ. ಅದಕ್ಕೇ ನಿಮ್ಮನ್ನೇ ಕೇಳ್ತಿದ್ದೀನಿ," ಎಂದ. "ಅತ್ತೆಯ ತರ್ಕದಲ್ಲಿ ತಪ್ಪಿದೆಯಾ?"

"ಇಲ್ಲ."

"ಹಾಗಾದ್ರೆ ಅಷ್ಟನ್ನೇ ಬರೀರಿ. ಒಂದೇ ಒಂದು ಸಾಲು."

ನಿಜಕ್ಕೂ ತರ್ಕದಲ್ಲಿ ತಪ್ಪಿರಲಿಲ್ಲ. ಅಪಘಾತದ ದಿನವೇ ಅವಳು ಅತ್ತೆಯನ್ನು ಯಾಕೆ ಒಪ್ಪಿದೆ ಎಂದು ಕೇಳಿದ್ದಳು. ಅತ್ತೆ ಎರಡೇ ಹೆಜ್ಜೆಯಲ್ಲಿ ಉತ್ತರ ಕೊಟ್ಟಿದ್ದಳು: ಯಾವ ಜೋಡಿಯ ಮೇಲೆ ಒಂದೂ ದೂರಿಲ್ಲವೋ ಅದು ಹೊಂದುವ ಜೋಡಿ, ಈ ಜೋಡಿಯ ಮೇಲೆ ಒಂದೂ ದೂರಿಲ್ಲ. ಮೊದಲನೆಯದು ಅಜ್ಜಿ ಬರೆದ ನಿಯಮವಲ್ಲ. ಅವಳ ನಿಯಮದಂತೆ, ಕಂಪನಿ ಲಿಫ್ಟುಗಳನ್ನು ಪರೀಕ್ಷಿಸುವ ಗೋಪುರದಲ್ಲಿ ಯಾರಾದರೂ ಕೂಡಿಸಿ ಓಡಿಸಿ ನೋಡಿದ ಜೋಡಿ ಮಾತ್ರ ಹೊಂದುವ ಜೋಡಿ. ಬೆನ್ನುನೋವೆಂದು ಅವಳು ರಜೆಯ ಮೇಲಿದ್ದಾಗ, ಗೋಪುರದ ಮುಂದೆ ಕಾಯುವ ಸಾಲು ಬೆಳೆಯಿತೆಂದು ಆಗ್ಲಿಬಿಡಿ ಅದನ್ನು ತೆಗೆಸಿ ಇದನ್ನು ಬರೆಸಿದ್ದ.

ಅದುವರೆಗೆ ಹೊಸ ಬಾಗಿಲು, ಹಳೆಯ ಬ್ರೇಕು ಎಲ್ಲಿಯೂ ಒಟ್ಟಿಗೆ ಓಡಿದ್ದೇ ಇರಲಿಲ್ಲ. ದೂರು ಎಲ್ಲಿಂದ ಬರಬೇಕು?

"ಮದುವೆನೇ ಆಗದೋರು ಇವತ್ತಿನವರೆಗೆ ಜಗಳ ಆಡಿಲ್ಲ, ಆದ್ದರಿಂದ ಒಳ್ಳೆ ದಾಂಪತ್ಯ," ಎಂದಳು ಅಜ್ಜಿ. "ಇದು ನೀವು ಬರೆಸಿದ ನಿಯಮ. ಅದಕ್ಕೆ ಅತ್ತೆ ತಥಾಸ್ತು ಅಂದಳು. ಅವಳು ತರ್ಕ ಮಾಡ್ತಾಳೆ, ಕಣಿ ಹೇಳಲ್ಲ."

ಆಗ್ಲಿಬಿಡಿ ನಕ್ಕ. ಹೋಲಿಕೆ ಚೆನ್ನಾಗಿದೆ ಎಂದ. ನಿಯಮದ ಬಗ್ಗೆ ಮುಂದಿನ ತಿಂಗಳು ಕೂತು ಮಾತಾಡೋಣ, ಈಗ ವರದಿ ಮುಗಿಸೋಣ ಎಂದ. ಆದದ್ದನ್ನು ದೂರು ಎಂದು ದಾಖಲಿಸಿದ್ದೀರಾ ಎಂದು ಅವಳು ಕೇಳಿದಾಗ ಮಾತ್ರ ಅವನ ನಗು ಸ್ವಲ್ಪ ಕುಂದಿತು. ಇದು ಜೋಡಿಯ ತಪ್ಪಲ್ಲ, ಮನುಷ್ಯನ ತಪ್ಪು; ಮನುಷ್ಯನ ತಪ್ಪು ದೂರಿನಲ್ಲಿ ಬರುವುದಿಲ್ಲ ಎಂದ. ಮೆಲ್ಲನೆ ಇನ್ನೊಂದು ಮಾತು ಸೇರಿಸಿದ: ಗಾಯಗೊಂಡವನು ಅವಳ ತಮ್ಮ ಎಂಬುದು ಎಲ್ಲರಿಗೂ ಗೊತ್ತು, ಅವಳು ಈಗ ಏನು ಹೇಳಿದರೂ ಅಕ್ಕನ ಕರುಳು ಮಾತಾಡಿತು ಅನ್ನುತ್ತಾರೆ. ತಮ್ಮನಿಗೂ ಅನ್ಯಾಯ ಆಗುವುದಿಲ್ಲ, ಆ ಕೈಯಲ್ಲಿ ಇನ್ನು ಏಣಿ ಹತ್ತಲಾಗದು, ತರಬೇತಿ ವಿಭಾಗದಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆ. ಕೋಲು ಬಳಸಲಿಲ್ಲ ಎಂದು ಅವನು ಒಪ್ಪಿಕೊಂಡರೆ ಸಾಕು.

ಅಜ್ಜಿ ಹಾಳೆಯನ್ನು ಮಡಿಸಿ ಚೀಲಕ್ಕೆ ತುರುಕಿ ಎದ್ದಳು. ಸಂಜೆಯೊಳಗೆ ಕೊಡಿ ಎಂದು ಅವನು ಹಿಂದಿನಿಂದ ಹೇಳಿದ. ಬಾಗಿಲನ್ನು ಜೋರಾಗಿ ಎಳೆದುಕೊಳ್ಳಬೇಕು ಅನ್ನಿಸಿತು. ಆದರೆ ಅದು ತಾನೇ ನಿಧಾನಕ್ಕೆ ಮುಚ್ಚಿಕೊಳ್ಳುವ ಬಾಗಿಲು. ಆ ಸುಖವೂ ಇಲ್ಲ.

ತನ್ನ ಜಾಗಕ್ಕೆ ಬಂದು ಕೂತು ಪರದೆಯನ್ನು ನೋಡಿದಳು. ಅತ್ತೆಯ ಎಲ್ಲ ಕೀಲಿಗಳೂ ಅವಳ ಬಳಿ ಇದ್ದವು. ನಿಯಮ ಬದಲಿಸಲು ಆಗ್ಲಿಬಿಡಿಯ ಒಪ್ಪಿಗೆ ಬೇಕು, ದೂರಿಗೆ ಬೇಡ. ಈ ಜೋಡಿಯ ಮೇಲೆ ಒಂದು ದೂರಿದೆ ಎಂದು ಒಂದು ಸಾಲು ಸೇರಿಸಿದರೆ ಸಾಕು, ಆಗ್ಲಿಬಿಡಿಯ ನಿಯಮವೇ ಆಗ್ಲಿಬಿಡಿಯ ಕಾಲು ಹಿಡಿದು ಎಳೆಯುತ್ತದೆ. ಆಧಾರ ಬಿದ್ದರೆ ಅದರ ಮೇಲೆ ಕಟ್ಟಿದ ಎಲ್ಲ ತೀರ್ಪುಗಳನ್ನೂ ಅತ್ತೆ ತಾನಾಗಿಯೇ ಹಿಂತೆಗೆದುಕೊಳ್ಳುತ್ತಾಳೆ, ಯಾರೂ ಒಂದೊಂದಾಗಿ ಹೇಳಬೇಕಾಗಿಲ್ಲ. ಅವಳನ್ನು ಹಾಗೆಂದೇ ಕಟ್ಟಿದ್ದು.

ಆದರೆ ದೂರು ಕೊಡುವ ಹಕ್ಕು ಲಿಫ್ಟನ್ನು ಕೈಯಿಂದ ಮುಟ್ಟಿದವನಿಗೆ ಮಾತ್ರ. ಇದು ಅಜ್ಜಿಯೇ ಮಾಡಿದ ಕಟ್ಟಲೆ. ಮೊದಲಿನ ದಿನಗಳಲ್ಲಿ ಕಚೇರಿಯವರು ಒಬ್ಬರ ಪ್ರೋಗ್ರಾಂ ಮೇಲೆ ಒಬ್ಬರು ಕೂತಲ್ಲೇ ದೂರು ಬರೆದು ಹಗೆ ತೀರಿಸಿಕೊಳ್ಳುತ್ತಿದ್ದರು. ಆಗ ಅವಳು ಆ ಬಾಗಿಲು ಮುಚ್ಚಿದ್ದಳು. ಕೊಟ್ಟವನು ಬಿಟ್ಟರೆ ಬೇರೆ ಯಾರೂ ದೂರನ್ನು ಅಳಿಸುವಂತೆಯೂ ಇರಲಿಲ್ಲ. ತಮ್ಮನ ಹೆಸರಿನಲ್ಲಿ ತಾನೇ ಬರೆದರೆ? ಬೆರಳು ಕೀಲಿಮಣೆಯ ಮೇಲಿತ್ತು. ಹಲ್ಲು ಕಚ್ಚಿ ಬೆರಳು ತೆಗೆದಳು.

ಹೊರಡುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿದಳು: ಈ ಜೋಡಿ ಈಗ ಎಲ್ಲೆಲ್ಲಿ ಓಡುತ್ತಿದೆ? ಒಂದೇ ವಿಳಾಸ ಬರಬಹುದೆಂದು ಅವಳ ಲೆಕ್ಕ. ಪರದೆ ತುಂಬಿ ಕೆಳಗಿಳಿಯಿತು. ತಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ ಉಳಿದ ಮೆಕ್ಯಾನಿಕ್‌ಗಳನ್ನು ಕಳಿಸಿ ಹೊಸ ಬಾಗಿಲು ಹಾಕುವ ಇಡೀ ಸುತ್ತನ್ನು ಮುಗಿಸಿದ್ದರು. ಅವುಗಳಲ್ಲಿ ತಮ್ಮನ ಮನೆಯಿರುವ ಕಟ್ಟಡವೂ ಇತ್ತು.

ಅವಳು ಬಸ್ಸಿಗೆ ಕಾಯಲಿಲ್ಲ. ಆಟೊ ಹಿಡಿದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಆಗ್ಲಿಬಿಡಿಯ ಜೊತೆ ಜಗಳ ಆಡಿದಳು, ಪ್ರತಿಸಲವೂ ಗೆದ್ದಳು. ಅದರಿಂದ ಸಿಟ್ಟು ಇನ್ನಷ್ಟು ಹೆಚ್ಚಿತು.

ತಮ್ಮನ ಮನೆ ಏಳನೇ ಮಹಡಿ. ಲಿಫ್ಟಿನೊಳಗೆ ನಿಂತು ಕಿವಿಗೊಟ್ಟಳು. ಬಾಗಿಲ ರೆಕ್ಕೆಗಳು ಕೂಡಿದವು, ನೆಲ ಅಂಗಾಲಿಗೆ ಒತ್ತಿತು, ಅದರ ಬೆನ್ನಿಗೆ ಚಿಲಕ ಬಿದ್ದ ಸದ್ದು. ಹಿಂದುಮುಂದು. ಗೊತ್ತಿಲ್ಲದವರಿಗೆ ಅದು ಏನೂ ಅಲ್ಲ. ನಡುವಿನ ಮಹಡಿಯಲ್ಲಿ ಬಾಗಿಲು ತೆರೆಯಿತು. ಶಾಲೆಯ ಚೀಲ ಹೊತ್ತ ಹುಡುಗಿಯೊಬ್ಬಳು ಒಳಗೆ ಬರದೆ ಹೊರಗೇ ನಿಂತಿದ್ದಳು. ಬಾಗಿಲು ಮುಚ್ಚಲು ಹೊರಟಾಗ ಕೈ ತೂರಿಸಿದಳು. ಅದು ಹಿಂದೆ ಸರಿಯಿತು. ಮತ್ತೆ ಮುಚ್ಚಲು ಹೊರಟಿತು, ಮತ್ತೆ ಕೈ. ಅದು ಅವಳ ಆಟ. ಅಜ್ಜಿ ಆ ಕೈಯನ್ನು ಹಿಡಿದು ಎಳೆದು ಗದರಿದಳು. ಹುಡುಗಿ ಬೆದರಿ ಮೆಟ್ಟಿಲ ಕಡೆಗೆ ಓಡಿದಳು. ಉಳಿದ ಮಹಡಿಗಳನ್ನು ಅಜ್ಜಿಯೂ ಮೆಟ್ಟಿಲಲ್ಲೇ ಹತ್ತಿದಳು.

ಬಾಗಿಲು ತೆರೆದದ್ದು ತಮ್ಮನ ಹೆಂಡತಿ. ಕೈಯಲ್ಲಿ ಒದ್ದೆ ಬಟ್ಟೆ, ಹುಬ್ಬಿನಲ್ಲಿ ಗಂಟು. ಅಜ್ಜಿ ಏದುಸಿರು ಬಿಡುತ್ತಿದ್ದದ್ದನ್ನು ನೋಡಿಯೂ ನೋಡದವಳಂತೆ ಕೇಳಿದಳು.

"ಬನ್ನಿ ಅಕ್ಕ. ಹೇಗಿದ್ದಾಳೆ ನಿಮ್ಮ ಅತ್ತೆ? ನನ್ನ ಸ್ವಂತ ಅತ್ತೆ ಒಂದು ದಿನವೂ ಕಾಟ ಕೊಟ್ಟೋರಲ್ಲ, ಪುಣ್ಯಾತ್ಗಿತ್ತಿ. ನೀವು ಕಟ್ಟಿದ ಅತ್ತೆ ಬಂದು ಗಂಡನ ಕೈ ತಿಂದಳು."

"ಅವಳು ತಾನಾಗಿ ಏನೂ ತಿನ್ನಲ್ಲ. ಉಣಿಸಿದ್ದನ್ನ ತಿಂತಾಳೆ."

"ಉಣಿಸಿದೋರು ಯಾರೋ, ತಿಂದೋರು ಯಾರೋ. ಅನುಭವಿಸೋರು ನಾವು."

ಅಜ್ಜಿ ಚಪ್ಪಲಿ ಕಳಚಿ ಒಳಗೆ ಬಂದಳು. ಕಚೇರಿಯಲ್ಲಿ ಯಂತ್ರ ಹೇಳಿತು ಎಂದು ಕೈ ತೊಳೆದುಕೊಳ್ಳುತ್ತಾರೆ, ಮನೆಯಲ್ಲಿ ಯಂತ್ರ ಮಾಡಿತು ಎಂದು ಶಾಪ ಹಾಕುತ್ತಾರೆ. ಹೇಳಿಸಿದವನ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ತಮ್ಮ ಕಿಟಕಿಯ ಪಕ್ಕ ಕೂತು, ಬಲಗೈಯನ್ನು ದಿಂಬಿನ ಮೇಲಿಟ್ಟು, ಎಡಗೈಯಿಂದ ಅಂಗಿಯ ಗುಂಡಿ ಹಾಕುವುದನ್ನು ಕಲಿಯುತ್ತಿದ್ದ. ಅಕ್ಕನನ್ನು ನೋಡಿ, ಮೂರು ಗುಂಡಿ ಆಯಿತು, ನಾಲ್ಕನೆಯದು ಹಟ ಮಾಡುತ್ತಿದೆ ಎಂದ. ಅವಳು ಹಾಕಿಕೊಡಲು ಕೈ ಚಾಚಿದರೆ ಬೇಡ ಎಂದು ಹಿಂದೆ ಸರಿದ. ಆಗ್ಲಿಬಿಡಿ ಅವನಿಗೂ ಬೆಳಿಗ್ಗೆ ಫೋನ್ ಮಾಡಿದ್ದನಂತೆ. ತರಬೇತಿಯ ಕೆಲಸ ಒಳ್ಳೆಯದೇ, ಎಲ್ಲವನ್ನೂ ಒಪ್ಪಿಕೊಂಡು ಮುಗಿಸೋಣ ಅಂತಿದ್ದೇನೆ ಎಂದ ತಮ್ಮ.

"ಕೋಲು ಇಟ್ಕೋಬೇಕಿತ್ತು ಅಕ್ಕ. ನನ್ನದೂ ತಪ್ಪಿದೆ."

"ನಿನಗೆ ಕೋಲು ಕೊಟ್ಟಿದ್ರಾ?"

"ಇಲ್ಲ."

"ಬೇರೆ ಯಾರಿಗಾದ್ರೂ?"

ತಮ್ಮ ಯೋಚಿಸಿದ. ಅಷ್ಟು ದಿನಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು. "ಒಂದು ಕೋಲಿದೆ. ಗೋದಾಮಿನ ಕಿಟಕಿ ಗಾಳಿಗೆ ಮುಚ್ಚಿಕೊಳ್ಳುತ್ತೆ ಅಂತ ಅಡ್ಡ ಕೊಟ್ಟಿದ್ದಾರೆ."

ಅಜ್ಜಿ ನಗಲಿಲ್ಲ. ಚೀಲದಿಂದ ಹಾಳೆ ತೆಗೆದು ಅವನ ತೊಡೆಯ ಮೇಲಿಟ್ಟಳು, ಓದು ಎಂದಳು. ಅವನು ಓದಿದ. ಅವಳು ನಿಯಮದ ಕತೆ ಹೇಳಿದಳು, ಕೂಡಿಸಿ ನೋಡದ ಜೋಡಿಗೆ ದೂರು ಎಲ್ಲಿಂದ ಬರಬೇಕು ಎಂಬುದನ್ನು ಹೇಳಿದಳು, ಅವನೊಬ್ಬ ದೂರು ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಿದಳು. ಅವನು ಹಾಳೆಯನ್ನು ತೊಡೆಯಿಂದ ಪಕ್ಕಕ್ಕೆ ಸರಿಸಿದ. ಆಮೇಲೆ, ದೂರು ಕೊಟ್ಟರೆ ತರಬೇತಿಯ ಕೆಲಸವೂ ಹೋಗುತ್ತದೆ, ಇಂಥ ಕೈಗೆ ಹೊರಗೆ ಯಾರು ಕೆಲಸ ಕೊಡುತ್ತಾರೆ ಎಂದ. ಅದು ನಿಜ. ಹೋಗುವುದಿಲ್ಲ ಎಂದು ಸಮಾಧಾನ ಹೇಳುವುದು ಅವಳಿಗೆ ಬರಲಿಲ್ಲ. ಹೋಗಬಹುದು ಎಂದಳು.

"ಕೀಲಿ ಎಲ್ಲ ನಿನ್ನ ಹತ್ರಾನೇ ಇದೆಯಲ್ಲ. ನೀನೇ ಬರೆದುಬಿಡು. ನಾನು ಬರೆದೆ ಅಂತ ಹೇಳ್ತೀನಿ, ಬೇಕಾದ್ರೆ."

"ನೀನು ಕಂಡದ್ದನ್ನ ನಾನು ಕಂಡೆ ಅಂತ ಬರೆದ್ರೆ ಅವನಿಗೂ ನನಗೂ ಏನು ವ್ಯತ್ಯಾಸ? ಅವನು ಯಾರೂ ನೋಡದ್ದನ್ನ ಸರಿ ಇದೆ ಅಂತ ಬರೆಸಿದ. ಅದರಿಂದಲೇ ಇಷ್ಟೂ."

ತಮ್ಮ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಆಗ ಅಜ್ಜಿ ಹೇಳಲೋ ಬೇಡವೋ ಎಂದು ಇಟ್ಟುಕೊಂಡಿದ್ದ ಮಾತನ್ನು ಹೇಳಿದಳು. ನಿಮ್ಮ ಕಟ್ಟಡದ ಲಿಫ್ಟಿನಲ್ಲೂ ಈಗ ಅದೇ ಜೋಡಿ ಇದೆ ಎಂದಳು. ಬರುವಾಗ ಚಿಲಕದ ಸದ್ದು ಹಿಂದುಮುಂದಾದದ್ದನ್ನು ಕೇಳಿದೆ, ಒಂದು ಹುಡುಗಿ ಕೈ ತೂರಿಸಿ ಆಡುತ್ತಿದ್ದಳು ಎಂದಳು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಮ್ಮನ ಹೆಂಡತಿ ಬಾಗಿಲಿಗೆ ಬಂದು ನಿಂತಳು.

"ಈ ಆಟ ಈ ಕಟ್ಟಡದ ಮಕ್ಕಳೆಲ್ಲ ಆಡ್ತಾರೆ," ಎಂದಳು. "ನಮ್ಮವಳೂ ಆಡ್ತಾಳೆ. ಈಗಲೂ ಕೆಳಗೇ ಇದ್ದಾಳೆ."

ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಹೋದಳು. ಮೆಟ್ಟಿಲ ಮೇಲಿಂದ ಮಗಳನ್ನು ಕೂಗುವ ದನಿ ಒಂದೊಂದೇ ಮಹಡಿ ಇಳಿಯಿತು, ಆಮೇಲೆ ಒಂದೊಂದೇ ಮಹಡಿ ಏರಿತು. ಮಗಳ ರಟ್ಟೆ ಹಿಡಿದುಕೊಂಡೇ ಒಳಗೆ ಬಂದಳು. ಮಗುವಿಗೆ ಏನೂ ಅರ್ಥವಾಗದೆ ಅಳು ಬಂದಿತ್ತು. ಮಂಚದ ಮೇಲಿದ್ದ ಗಂಡನ ಫೋನು ತೆಗೆದು ಅವನ ಎಡಗೈಯಲ್ಲಿಟ್ಟಳು.

"ಅಕ್ಕನ ಮೇಲಿನ ಸಿಟ್ಟು ಆಮೇಲೆ ತೀರಿಸ್ಕೋತೀನಿ. ನೀವು ಮೊದಲು ಬರೀರಿ."

"ಕೆಲಸ?"

"ಕೆಲಸ ಹೋದ್ರೆ ಹುಡುಕೋಣ. ಬೆರಳು ಹೋದ್ರೆ ಎಲ್ಲಿ ಹುಡುಕ್ತೀರಿ?"

ತಮ್ಮ ಬರೆದ. ಎಡಗೈಯ ಒಂದೇ ಬೆರಳು, ಒಂದೊಂದೇ ಅಕ್ಷರ. ಯಾವ ಜೋಡಿ ಎಂದು ಫೋನಿನಲ್ಲಿ ದೂರಿನ ಪುಟ ಕೇಳಿತು, ಹೇಳಿದ. ಕಣ್ಣಾರೆ ಕಂಡದ್ದೇನು ಎಂದು ಕೇಳಿತು. ಅವನು ತಡೆದು, ಅಳಿಸಿ, ಮತ್ತೆ ಬರೆದ: 'ಚಿಲಕ ಬೀಳುವ ಮೊದಲೇ ಬ್ರೇಕು ಬಿಟ್ಟಿತು. ಕೈಯಿಂದ ನೋಡಿದ್ದೇನೆ.' ಬೇರೆಯವರು ಹಾಗೆ ಬರೆದಿದ್ದರೆ ಅಜ್ಜಿ ತಿದ್ದಿಸುತ್ತಿದ್ದಳು. ಇದನ್ನು ಹಾಗೆಯೇ ಬಿಟ್ಟಳು. ಅವನು ಕಳಿಸುವ ಗುಂಡಿ ಒತ್ತಿದ. ಒಂದು ಸಣ್ಣ ಟಿಕ್ ಗುರುತು ಬಂತು. ಅಷ್ಟೇ ಆದದ್ದು.

ಅವಳು ಹಾಳೆಯನ್ನು ವಾಪಸ್ ತೆಗೆದುಕೊಂಡು, ಸಹಿಯ ಜಾಗದ ಮೇಲೆ ಬರೆದಳು: ತರ್ಕ ಸರಿಯಾಗಿತ್ತು, ಅದಕ್ಕೆ ಕೊಟ್ಟ ನಿಯಮ ತಪ್ಪಾಗಿತ್ತು, ಆ ನಿಯಮ ಬರೆಸಿದವರು ವಿಭಾಗದ ಮುಖ್ಯಸ್ಥರು. ಕೆಳಗೆ ಸಹಿ ಹಾಕಿದಳು. ಒಂದೇ ಸಾಲು ಕೇಳಿದ್ದ, ಮೂರಾಯಿತು.

ಚಹಾ ಮುಗಿಯುವ ಹೊತ್ತಿಗೆ ಅಜ್ಜಿಗೆ ಫೋನು ಬಂತು. ಆಗ್ಲಿಬಿಡಿಯ ದನಿಯಲ್ಲಿ ಆಗ್ಲಿ ಬಿಡಿ ಇರಲಿಲ್ಲ. ಕಟ್ಟಡಗಳಿಂದ ಫೋನಿನ ಮೇಲೆ ಫೋನು ಬರುತ್ತಿದೆ, ಸಾಲಾಗಿ ಲಿಫ್ಟುಗಳು ಕೆಳಗಿಳಿದು ನಿಂತಿವೆ, ನಾಳೆಯ ಆಸ್ಪತ್ರೆಯ ಕೆಲಸಕ್ಕೂ ಅತ್ತೆ ಬೇಡ ಅನ್ನುತ್ತಿದ್ದಾಳೆ, ಏನು ಮಾಡಿಟ್ಟಿದ್ದೀರಿ ಎಂದು ಕೇಳಿದ.

"ಯಾಕೆ ಬೇಡ ಅಂತ ಅವಳನ್ನೇ ಕೇಳಿ. ಎರಡೇ ಹೆಜ್ಜೆ, ಹೇಳ್ತಾಳೆ."

ಆ ದೂರನ್ನು ಈಗಲೇ ತೆಗೆಯಿರಿ ಎಂದ. ಕೊಟ್ಟವನು ಮಾತ್ರ ತೆಗೆಯಬಹುದು, ಅವನು ಇಲ್ಲೇ ಕೂತಿದ್ದಾನೆ, ಕೊಡಲಾ ಎಂದು ಅಜ್ಜಿ ಕೇಳಿದಳು. ಈ ಕಡೆ ತಮ್ಮ ಬೇಡ ಎಂದು ತಲೆಯಾಡಿಸಿದ. ಆಮೇಲೆ ಏನನ್ನಿಸಿತೋ, ಎಡಗೈ ಚಾಚಿ ಫೋನು ತೆಗೆದುಕೊಂಡ.

"ಕೋಲು ಕಳಿಸಿ ಸಾರ್," ಎಂದ. "ಗೋದಾಮಿನ ಕಿಟಕೀಲಿದೆ. ನೀವೇ ಬಂದು ಕೋಲಿಂದ ಈ ಬಾಗಿಲು ಪರೀಕ್ಷೆ ಮಾಡಿ ತೋರಿಸಿ. ಆಮೇಲೆ ದೂರು ತೆಗೀತೀನಿ."

ಫೋನಿಟ್ಟ ಮೇಲೆ ಹೆಂಡತಿ ಅವನ ನಾಲ್ಕನೇ ಗುಂಡಿ ಹಾಕಿದಳು. ಈ ಸಲ ಅವನು ಹಿಂದೆ ಸರಿಯಲಿಲ್ಲ.

ಅಜ್ಜಿ ಮೆಟ್ಟಿಲಿಳಿದಳು. ನಡುವೆ ಒಬ್ಬಾತ ನೀರಿನ ಕ್ಯಾನನ್ನು ಹೆಗಲಿಗೇರಿಸಿ ಹತ್ತುತ್ತ, ಲಿಫ್ಟು ನಿಲ್ಲಿಸಿದವರ ವಂಶವನ್ನು ಮೂಲದಿಂದ ಹಿಡಿದು ಜಾಲಾಡುತ್ತಿದ್ದ. ನಿಲ್ಲಿಸಿದವಳು ನಾನೇ ಎಂದಳು. ಅವನು ತಬ್ಬಿಬ್ಬಾಗಿ, ಯಾವಾಗ ಸರಿಹೋಗುತ್ತದೆ ಎಂದು ಕೇಳಿದ. ಗೊತ್ತಿಲ್ಲ ಎಂದಳು. ಬೈಗುಳ ಅವಳ ಬೆನ್ನ ಹಿಂದೆ ಮುಂದುವರಿಯಿತು.

ಕೆಳಗೆ ಲಿಫ್ಟು ದೀಪ ಉರಿಸಿಕೊಂಡು, ಬಾಗಿಲು ಪೂರ್ತಿ ತೆರೆದು ನಿಂತಿತ್ತು. ಶಾಲೆಯ ಚೀಲದ ಹುಡುಗಿ ಅದರ ಮುಂದಿದ್ದಳು. ಅಜ್ಜಿಯನ್ನು ಕಂಡು ಒಂದು ಹೆಜ್ಜೆ ಹಿಂದೆ ಹೋದಳು, ಗದರದಿದ್ದದ್ದನ್ನು ನೋಡಿ ಮತ್ತೆ ಮುಂದೆ ಬಂದಳು. ಬಾಗಿಲು ಬರಬೇಕಾದ ಜಾಗದಲ್ಲಿ ಕೈಯಿಟ್ಟು ಕಾದಳು. ಬಾಗಿಲು ಅಲ್ಲಾಡಲಿಲ್ಲ. ಇನ್ನೂ ಸ್ವಲ್ಪ ಕಾದು, ಬೇಸರವಾಗಿ, ಚೀಲ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು.

ಚೀಲದಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅಜ್ಜಿ ಅದನ್ನು ತೆಗೆದು, ಹೆಸರು ನೋಡಿ, ಸಿಟ್ಟು ಇನ್ನೂ ಪೂರ್ತಿ ಇದೆಯೇ ಎಂದು ಒಮ್ಮೆ ಮನಸ್ಸಿನಲ್ಲಿ ಪರೀಕ್ಷಿಸಿಕೊಂಡಳು. ಇತ್ತು. ಆಮೇಲೆ ಫೋನು ಎತ್ತಿದಳು.